ಪಾಡ್ ಫಿಲ್ಟರ್ ಹಾಕಿದ ಮೇಲೆ ಕಾರ್ಬುರೇಟರ್‌ನ ವೆಂಟ್ ಪೈಪ್ ಎಲ್ಲಿಗೆ ಬಿಡಬೇಕು?

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೋಗುವಾಗ ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು ಕಾಣಿಸುತ್ತದೆ. ಅಲ್ಲಿ ಗಾಳಿ ಜೋರು. ನನ್ನ ಹಳೇ 350 ಬುಲೆಟ್‌ಗೆ ಪಾಡ್ ಫಿಲ್ಟರ್, ಅಂದರೆ ಕಂಪನಿಯ ಫಿಲ್ಟರ್ ಬಾಕ್ಸ್ ತೆಗೆದು ಕಾರ್ಬುರೇಟರ್‌ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಬಾಯಿಗೇ ಸಿಕ್ಕಿಸುವ ಫಿಲ್ಟರ್, ಹಾಕಿಸಿದ ಹೊಸದರಲ್ಲಿ ಅದೇ ರಸ್ತೆಯಲ್ಲಿ ಗಾಡಿ ನನ್ನನ್ನು ತುಂಬಾ ಕಾಡಿತು. ಬೆಂಗಳೂರಿನೊಳಗೆ ಏನೂ ತೊಂದರೆ ಇರಲಿಲ್ಲ. ಇಲ್ಲಿ ಅಡ್ಡಗಾಳಿ ಬೀಸಿದಾಗಲೆಲ್ಲ ಎಂಜಿನ್ ಒಂದು ಕ್ಷಣ ಸೊರಗಿ, ಮತ್ತೆ ಎಳೆಯುತ್ತಿತ್ತು. ಲಾರಿಯ ಮರೆಯಲ್ಲಿ ಹೋದರೆ ಎಲ್ಲ ಸರಿ. ಲಾರಿಯನ್ನು ಹಿಂದೆ ಹಾಕಿದ ಕೂಡಲೇ ಮತ್ತೆ ಅದೇ ಕಥೆ.

ಪ್ಲಗ್ ಬದಲಿಸಿದೆ. ಮೈನ್ ಜೆಟ್, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ, ಒಂದು ನಂಬರ್ ದೊಡ್ಡದು ಹಾಕಿದೆ. ಆಗ ಊರೊಳಗೆ ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಕಪ್ಪಾಗತೊಡಗಿತು, ಹೆದ್ದಾರಿಯಲ್ಲಿ ಸೊರಗುವುದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಟಾರ್ಚ್ ಹಿಡಿದು ಕೂತು ನೋಡಿದಾಗ ಕಾರಣ ಸಿಕ್ಕಿತು. ಫಿಲ್ಟರ್ ಕೂರಿಸುವಾಗ ಗ್ಯಾರೇಜಿನವರು ಕಾರ್ಬುರೇಟರ್ ಪಕ್ಕದ ಎರಡು ಸಣ್ಣ ರಬ್ಬರ್ ಪೈಪ್‌ಗಳನ್ನು ‘ವೇಸ್ಟ್ ಪೈಪ್’ ಅಂತ ಕಿತ್ತು ಹಾಕಿದ್ದರು. ಪೈಪ್ ಇದ್ದ ಜಾಗದಲ್ಲಿ ಎರಡು ಬರೀ ನಿಪ್ಪಲ್‌ಗಳು (ಪೈಪ್ ಸಿಕ್ಕಿಸುವ ಸಣ್ಣ ಮೂತಿಗಳು) ನೇರವಾಗಿ ಗಾಳಿಗೆ ಒಡ್ಡಿಕೊಂಡಿದ್ದವು.

ಆ ಪೈಪ್‌ಗಳೇ ಫ್ಲೋಟ್ ಬೌಲ್‌ನ ವೆಂಟ್, ಅಂದರೆ ಕಾರ್ಬುರೇಟರ್‌ನ ಪೆಟ್ರೋಲ್ ಬಟ್ಟಲಿಗೆ ಗಾಳಿ ಬರುವ ದಾರಿ. ಪಾಡ್ ಫಿಲ್ಟರ್ ಬಗ್ಗೆ ಮಾತಾಡುವವರೆಲ್ಲ ಜೆಟ್ ನಂಬರ್ ಕೇಳುತ್ತಾರೆ, ಸದ್ದು ಹೇಗಿದೆ ಅಂತ ಕೇಳುತ್ತಾರೆ. ಈ ಪೈಪ್ ಎಲ್ಲಿಗೆ ಹೋಗಬೇಕು ಅಂತ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಅದೇ ಮೊದಲು ತೀರ್ಮಾನವಾಗಬೇಕಾದ ವಿಷಯ. ಫಿಲ್ಟರ್ ಕೊಳ್ಳುವುದು ಆಮೇಲೆ, ಜೆಟ್ ಅದಕ್ಕೂ ಆಮೇಲೆ.

ಈ ಪೈಪ್ ಮಾಡುವ ಕೆಲಸ

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹಾಕಿ ಬಗ್ಗಿಸಿದರೆ ಎಣ್ಣೆ ಗೊಳಕ್ ಗೊಳಕ್ ಅಂತ ನಿಂತು ನಿಂತು ಬರುತ್ತದೆ. ಎದುರುಗಡೆ ಇನ್ನೊಂದು ಸಣ್ಣ ತೂತು ಹಾಕಿದರೆ ಧಾರೆಯಾಗಿ ಇಳಿಯುತ್ತದೆ, ಅಲ್ವಾ? ವೆಂಟ್ ಪೈಪ್ ಆ ಎರಡನೇ ತೂತು.

ಫ್ಲೋಟ್ ಬೌಲ್ ಅಂದರೆ ಕಾರ್ಬುರೇಟರ್ ಅಡಿಯಲ್ಲಿ ಪೆಟ್ರೋಲ್ ನಿಂತಿರುವ ಬಟ್ಟಲು. ಪಿಸ್ಟನ್ ಕೆಳಗಿಳಿದಾಗ ಕಾರ್ಬುರೇಟರ್‌ನ ಕೊರಳಿನಲ್ಲಿ ಗಾಳಿ ವೇಗವಾಗಿ ಹರಿದು ಅಲ್ಲಿನ ಒತ್ತಡ ಇಳಿಯುತ್ತದೆ. ಎಂಜಿನ್ ಪೆಟ್ರೋಲ್ ಹೀರುತ್ತದೆ ಅಂತ ನಾವು ಹೇಳುತ್ತೇವೆ. ಆದರೆ ತಳ್ಳುವುದು ಬಟ್ಟಲಿನ ಮೇಲೆ ನಿಂತ ಗಾಳಿ. ಬಟ್ಟಲಿನ ಒತ್ತಡಕ್ಕೂ ಕೊರಳಿನ ಒತ್ತಡಕ್ಕೂ ಎಷ್ಟು ವ್ಯತ್ಯಾಸವೋ ಅದಕ್ಕೆ ತಕ್ಕಂತೆ ಪೆಟ್ರೋಲ್ ಜೆಟ್ ಮೂಲಕ ಮೇಲೇರುತ್ತದೆ. ಆ ವ್ಯತ್ಯಾಸ ಶೇ. 10ರಷ್ಟು ಆಚೀಚೆಯಾದರೆ ಪೆಟ್ರೋಲ್ ಸುಮಾರು ಶೇ. 5ರಷ್ಟು ಆಚೀಚೆಯಾಗುತ್ತದೆ.

ಈಗ ಗಾಳಿಯ ಲೆಕ್ಕ ನೋಡಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವಾಗ ಎದುರುಗಾಳಿ ಪೈಪಿನ ಬಾಯಿಗೆ ನೇರವಾಗಿ ನುಗ್ಗಿದರೆ, ಸುಮಾರು 30 ಮಿ.ಮೀ. ಎತ್ತರದ ನೀರು ಒತ್ತುವಷ್ಟು ಒತ್ತಡ ಬೀಳುತ್ತದೆ. 100ರಲ್ಲಿ ಅದು 45 ದಾಟುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಮೈನ್ ಜೆಟ್ ಕೆಲಸ ಮಾಡುವುದು ಇಂಥ ಸಣ್ಣ ಒತ್ತಡಗಳ ಮೇಲೆಯೇ. ಗಾಳಿ ಪೈಪಿನೊಳಗೆ ನುಗ್ಗಿದರೆ ಪೆಟ್ರೋಲ್ ಜಾಸ್ತಿ. ಪೈಪಿನ ಬಾಯಿಗೆ ಅಡ್ಡವಾಗಿ ಬೀಸಿದರೆ ಬೌಲ್‌ನ ಗಾಳಿಯನ್ನೇ ಹೊರಗೆಳೆಯುತ್ತದೆ, ಆಗ ಪೆಟ್ರೋಲ್ ಕಡಿಮೆ. ಚಿತ್ರದುರ್ಗದ ರಸ್ತೆಯಲ್ಲಿ ನನಗೆ ಆಗಿದ್ದು ಈ ಎರಡನೆಯದು.

ಗ್ಯಾರೇಜಿನಲ್ಲಿ ನಿಲ್ಲಿಸಿ ಎಷ್ಟು ರೇಸ್ ಮಾಡಿದರೂ ಈ ತೊಂದರೆ ತೋರುವುದಿಲ್ಲ. ಅಲ್ಲಿ ಗಾಳಿಯೇ ಇಲ್ಲವಲ್ಲ. ಮೆಕ್ಯಾನಿಕ್ ‘ಚೆನ್ನಾಗಿದೆ ಸಾರ್’ ಅಂದಾಗ ಅವರು ಸುಳ್ಳು ಹೇಳುತ್ತಿರುವುದಿಲ್ಲ. ಗಾಡಿ ಅಲ್ಲಿ ನಿಜವಾಗಿಯೂ ಚೆನ್ನಾಗಿರುತ್ತದೆ.

ಯಾವ ಪೈಪ್ ಯಾವುದು?

ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ. ಪ್ರತಿ ಪೈಪನ್ನೂ ಬೆರಳಲ್ಲಿ ಹಿಡಿದು ಕೊನೆಯವರೆಗೆ ಹೋಗಿ ನೋಡಿ. ಬೌಲ್‌ಗಿಂತ ಮೇಲೆ, ಕಾರ್ಬುರೇಟರ್‌ನ ಮೈಗೆ ಇರುವ ಒಂದು ಅಥವಾ ಎರಡು ನಿಪ್ಪಲ್ ಸಾಮಾನ್ಯವಾಗಿ ವೆಂಟ್. ಬೌಲ್‌ನ ಅಡಿಯಿಂದ ಇಳಿಯುವುದು ಓವರ್‌ಫ್ಲೋ ಅಥವಾ ಡ್ರೈನ್. ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಪಿನ್ ಸರಿಯಾಗಿ ಮುಚ್ಚದಿದ್ದರೆ ಹೆಚ್ಚಾದ ಪೆಟ್ರೋಲ್ ಅದರಿಂದ ಹೊರಗೆ ಹೋಗುತ್ತದೆ. ಎಂಜಿನ್ ಕಡೆಯಿಂದ ಏರ್ ಫಿಲ್ಟರ್ ಬಾಕ್ಸ್‌ಗೆ ಬರುವ ದಪ್ಪ ಪೈಪ್ ಬೇರೆಯೇ. ಅದು ಎಂಜಿನ್ನಿನ ಬ್ರೀದರ್, ಅಂದರೆ ಎಂಜಿನ್ ಒಳಗಿನ ಗಾಳಿ ಹೊರಬರುವ ದಾರಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಕಂಪನಿಯವರು ವೆಂಟ್ ಪೈಪಿನ ಬಾಯಿ ಎಲ್ಲಿ ಬಿಟ್ಟಿದ್ದಾರೆ ಎಂಬುದು ಮುಖ್ಯ ಸುಳಿವು. ಕೆಲವು ಗಾಡಿಗಳಲ್ಲಿ ಅದು ಫಿಲ್ಟರ್ ಬಾಕ್ಸ್ ಒಳಗೆ ಹೋಗುತ್ತದೆ. ಕೆಲವದರಲ್ಲಿ ಎಂಜಿನ್ ಹಿಂದೆ ಗಾಳಿ ಬಾರದ ಮೂಲೆಯಲ್ಲಿ ಸುಮ್ನೆ ನೇತಾಡುತ್ತದೆ. ಎರಡನೇ ಥರದ್ದಾದರೆ ನಿಮ್ಮ ಕೆಲಸ ಸುಲಭ. ಆದರೆ ಒಂದು ಮಾತು. ಫಿಲ್ಟರ್ ಬಾಕ್ಸ್ ಅಲ್ಲಿ ಗಾಳಿಗೆ ಗೋಡೆಯಾಗಿಯೂ ನಿಂತಿತ್ತು. ಅದನ್ನು ತೆಗೆದರೆ ಗಾಳಿ ಬಾರದಿದ್ದ ಮೂಲೆಗೂ ಗಾಳಿ ಬರುತ್ತದೆ.

ಮೊದಲ ಆಯ್ಕೆ: ಬಾಕ್ಸ್ ಬಿಚ್ಚದೇ ಇರುವುದು

ನೇರವಾಗಿ ಹೇಳುತ್ತೇನೆ. ದಿನಾ ಆಫೀಸಿಗೆ ಓಡಿಸುವ, ಮಳೆಯಲ್ಲಿ ನೆನೆಯುವ, ಮಣ್ಣುರಸ್ತೆಯಲ್ಲಿ ಓಡುವ ಗಾಡಿಗೆ ಇದೇ ಸರಿ. ಕಂಪನಿಯ ಬಾಕ್ಸ್ ಹಾಗೇ ಇಟ್ಟು, ಅದರೊಳಗೆ ಕೂರುವ ಕೆ ಅಂಡ್ ಎನ್ ಕಂಪನಿಯದರ ಥರದ ತೊಳೆದು ಬಳಸುವ ಫಿಲ್ಟರ್ ಹಾಕಿದರೆ ವೆಂಟ್, ಬ್ರೀದರ್ ಯಾವುದನ್ನೂ ಮುಟ್ಟಬೇಕಾಗಿಲ್ಲ. ಹೆಚ್ಚಿನ ಗಾಡಿಗಳಿಗೆ ಜೆಟ್ ಕೂಡ ಬದಲಿಸಬೇಕಾಗುವುದಿಲ್ಲ. ಒಮ್ಮೆ ಪ್ಲಗ್ ಬಣ್ಣ ನೋಡಿಕೊಂಡರೆ ಸಾಕು. ತೊಳೆದ ಮೇಲೆ ಅದಕ್ಕೆ ಫಿಲ್ಟರ್ ಎಣ್ಣೆ ಹಚ್ಚುವುದನ್ನು ಮಾತ್ರ ಮರೆಯಬೇಡಿ. ಎಣ್ಣೆ ಇಲ್ಲದ ಬಟ್ಟೆಯ ಫಿಲ್ಟರ್ ಸಣ್ಣ ಧೂಳನ್ನು ತಡೆಯುವುದಿಲ್ಲ.

ಪಾಡ್‌ನ ಸದ್ದು, ನೋಟ ಇದರಲ್ಲಿ ಸಿಗುವುದಿಲ್ಲ, ನಿಜ. ಹಳೇ ಗಾಡಿಗಳಿಗೆ ಒಳ್ಳೆಯ ಬಾಕ್ಸ್ ಸಿಗುವುದೂ ಕಷ್ಟ. ಬಾಕ್ಸ್ ಒಡೆದುಹೋಗಿದೆ, ಇಲ್ಲ ಗಾಡಿಯನ್ನು ಸ್ಕ್ರ್ಯಾಂಬ್ಲರ್ (ಮಣ್ಣುಹಾದಿಯ ಶೈಲಿಯ ಬೈಕ್) ಥರ ಕಟ್ಟುತ್ತಿದ್ದೀರಿ ಅಂದರೆ ಮುಂದಿನದು ನಿಮಗಾಗಿ.

ಎರಡನೆಯದು: ಪೈಪನ್ನು ಟ್ಯಾಂಕಿನ ಅಡಿಗೆ ಒಯ್ಯುವುದು

ನನ್ನ ಬುಲೆಟ್ ಈಗ ಹೀಗೇ ಇದೆ. ಪಾಡ್ ಹಾಕಿದ ಗಾಡಿಗಳಿಗೆ ನಾನು ಮೊದಲು ಹೇಳುವುದೂ ಇದನ್ನೇ.

ವೆಂಟ್ ನಿಪ್ಪಲ್‌ನ ಅಳತೆಗೆ ಸರಿಯಾದ ಪೈಪ್ ತಗೊಳ್ಳಿ. ಅದರ ಮೇಲೆ ಪೆಟ್ರೋಲ್ ತಡೆಯುತ್ತದೆ ಅಂತ ನಮೂದು ಇರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಭಾಗದ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಮೀನಿನ ತೊಟ್ಟಿಯ ಗಾಳಿ ಪೈಪ್ ಕೆಲವರು ಹಾಕುತ್ತಾರೆ. ಪೆಟ್ರೋಲ್ ಸೋಕಿದರೆ ಅದು ಉಬ್ಬುತ್ತದೆ ಅಥವಾ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬೇಡ.

ಪೈಪನ್ನು ನಿಪ್ಪಲ್‌ನಿಂದ ಮೇಲಕ್ಕೆ ಎತ್ತಿ, ಟ್ಯಾಂಕಿನ ಅಡಿಯಲ್ಲಿ, ಫ್ರೇಮ್ ಪೈಪಿನ ಹಿಂದೆ ಗಾಳಿ ನುಗ್ಗದ ಜಾಗದಲ್ಲಿ ಅದರ ಬಾಯಿ ಬಿಡಿ. ಬಾಯಿ ಹಿಂದಕ್ಕೆ ಅಥವಾ ಕೆಳಕ್ಕೆ ತಿರುಗಿರಲಿ. ತುದಿಯನ್ನು ಓರೆಯಾಗಿ ಕತ್ತರಿಸಿ. ಎಲ್ಲಿಗಾದರೂ ಒತ್ತಿಕೊಂಡರೂ ಪೂರ್ತಿ ಮುಚ್ಚಿಹೋಗುವುದಿಲ್ಲ. ಎರಡು ನಿಪ್ಪಲ್ ಇದ್ದರೆ ಎರಡು ಪೈಪೂ ಒಂದೇ ಜಾಗದ ಗಾಳಿ ಕುಡಿಯಬೇಕು. ಒಂದು ಎಡಕ್ಕೆ, ಒಂದು ಬಲಕ್ಕೆ ನೇತಾಡಿದರೆ ಅಡ್ಡಗಾಳಿಯಲ್ಲಿ ಬೌಲ್ ಮೂಲಕವೇ ಗಾಳಿ ಹಾಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಕಾರ್ಬುರೇಟರ್‌ಗಳಲ್ಲಿ ಬೌಲ್ ಅಡಿಯ ಓವರ್‌ಫ್ಲೋ ಇರುವುದಿಲ್ಲ, ಇರುವುದು ಬರೀ ಡ್ರೈನ್ ಸ್ಕ್ರೂ. ಅಂಥ ಗಾಡಿಯಲ್ಲಿ ಫ್ಲೋಟ್ ಪಿನ್ ಸಿಕ್ಕಿಕೊಂಡರೆ ಪೆಟ್ರೋಲ್ ಹೊರಬರುವ ದಾರಿಯೂ ವೆಂಟ್ ಪೈಪೇ. ನೀವು ಪೈಪನ್ನು ಬರೀ ಮೇಲಕ್ಕೆ ಒಯ್ದು ಬಿಟ್ಟರೆ, ಆ ಪೆಟ್ರೋಲ್ ಎಂಜಿನ್ ಒಳಗೆ ಇಳಿಯುತ್ತದೆ. ರಾತ್ರಿಯೆಲ್ಲ ಟ್ಯಾಂಕಿನ ಪೆಟ್ರೋಲ್ ಕಾಕ್ ತೆರೆದೇ ಇದ್ದರೆ ಬೆಳಗ್ಗೆ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬರುತ್ತದೆ. ಅದಕ್ಕೇ ನಡುವೆ ಒಂದು ಟಿ, ಅಂದರೆ ಮೂರು ಬಾಯಿಯ ಪೈಪ್ ಜೋಡಣೆ, ಹಾಕಬೇಕು. ಒಂದು ಕವಲು ಮೇಲಕ್ಕೆ, ಟ್ಯಾಂಕಿನ ಅಡಿಗೆ. ಇನ್ನೊಂದು ಕವಲು ಕೆಳಕ್ಕೆ, ಸೈಲೆನ್ಸರ್‌ನಿಂದ ದೂರ, ಹಿಂದಿನ ಟೈರಿಗೆ ತೊಟ್ಟಿಕ್ಕದ ಹಾಗೆ. ಗಾಳಿ ಮೇಲಿನಿಂದ ಬರುತ್ತದೆ, ಪೆಟ್ರೋಲ್ ಕೆಳಗಿನಿಂದ ಹೋಗುತ್ತದೆ.

ಈ ಟಿ ಮಲೆನಾಡಿನವರಿಗೆ ಇನ್ನೊಂದು ಕಾರಣಕ್ಕೂ ಬೇಕು. ಹಳ್ಳ ದಾಟುವಾಗ ಕೆಳಗೆ ನೇತಾಡುವ ಪೈಪಿನ ಬಾಯಿ ನೀರಲ್ಲಿ ಮುಳುಗಿದರೆ ಬೌಲ್‌ಗೆ ಗಾಳಿ ನಿಂತುಹೋಗುತ್ತದೆ. ನೀರು ಎಂಜಿನ್‌ಗೆ ಹೋಗಿಯೇ ಇರುವುದಿಲ್ಲ, ಆದರೂ ಗಾಡಿ ಹಳ್ಳದ ನಡುವೆ ನಿಲ್ಲುತ್ತದೆ. ಮಣ್ಣುಹಾದಿಯಲ್ಲಿ ರೇಸ್ ಓಡಿಸುವವರು ಟಿ ಹಾಕಿ ಒಂದು ಕವಲನ್ನು ಮೇಲೆ ಕಟ್ಟುವುದು ಇದಕ್ಕಾಗಿಯೇ.

ಮೂರನೆಯದು: ತುದಿಗೆ ಸಣ್ಣ ಫಿಲ್ಟರ್

ಪೈಪಿನ ಮೇಲಿನ ಕವಲಿಗೆ ಹೆಬ್ಬೆರಳಿನಷ್ಟು ದಪ್ಪದ ಬ್ರೀದರ್ ಫಿಲ್ಟರ್ ಅಥವಾ ಸ್ಪಂಜು ಹಾಕುವುದು. ಇದು ಎರಡನೆಯದಕ್ಕೆ ಸೇರಿಸಿಕೊಳ್ಳುವ ವಿಷಯ, ಅದರ ಬದಲಿಗೆ ಅಲ್ಲ. ವೆಂಟ್ ಮೂಲಕ ಬರುವ ಗಾಳಿ ಕಡಿಮೆ. ಆದರೂ ಬೇಸಿಗೆಯಲ್ಲಿ ಕಲಬುರಗಿ, ಬಳ್ಳಾರಿ ಕಡೆಯ ಧೂಳಿನಲ್ಲಿ ಓಡಿಸುವವರಿಗೆ ಇದು ಉಪಯೋಗ. ಧೂಳು ಬೌಲ್ ಸೇರಿದರೆ ಮೊದಲು ಕಟ್ಟಿಕೊಳ್ಳುವುದು ಪೈಲಟ್ ಜೆಟ್, ಅಂದರೆ ಥ್ರಾಟಲ್ ಕಡಿಮೆ ಇದ್ದಾಗ ಪೆಟ್ರೋಲ್ ಬಿಡುವ ಇನ್ನೂ ಸಣ್ಣ ಜೆಟ್. ಸ್ಪಂಜು ಇದ್ದರೆ ಗಾಳಿಯ ಹೊಡೆತವೂ ಸ್ವಲ್ಪ ತಗ್ಗುತ್ತದೆ.

ಮಳೆಗಾಲದಲ್ಲಿ ಇದೇ ಫಿಲ್ಟರ್ ತೊಂದರೆ ಕೊಡಬಹುದು. ಆಗುಂಬೆಯ ಮಳೆಯಲ್ಲಿ ಒಂದು ಗಂಟೆ ಓಡಿಸಿದರೆ ಸ್ಪಂಜು ನೀರು ಕುಡಿದು ಮುಚ್ಚಿಕೊಳ್ಳುತ್ತದೆ. ಕೆಳಗಿನ ಕವಲು ತೆರೆದಿದ್ದರೆ ಪರವಾಗಿಲ್ಲ. ಇಲ್ಲದಿದ್ದರೆ ಗಾಡಿ ನಿಂತೀತು. ಜೂನ್ ಬಂದ ಮೇಲೆ ನಾನು ಸ್ಪಂಜು ತೆಗೆದಿಡುತ್ತೇನೆ.

ನಾಲ್ಕನೆಯದು: ಪೈಪನ್ನು ಪಾಡ್‌ನೊಳಗೇ ಸೇರಿಸುವುದು

ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಚೆಂದ. ವೆಂಟ್ ಪೈಪ್ ಫಿಲ್ಟರ್‌ನ ಒಳಭಾಗಕ್ಕೆ, ಅಂದರೆ ಸೋಸಿದ ಗಾಳಿ ಇರುವ ಕಡೆಗೆ, ಸೇರಿದರೆ ಬೌಲ್‌ಗೂ ಕೊರಳಿಗೂ ಒಂದೇ ಗಾಳಿ. ಫಿಲ್ಟರ್ ಕೊಳೆಯಾಗುತ್ತಾ ಹೋದಂತೆ ಕೊರಳಿನಲ್ಲಿ ಒತ್ತಡ ಇಳಿದರೆ ಬೌಲ್‌ನಲ್ಲೂ ಅಷ್ಟೇ ಇಳಿಯುತ್ತದೆ. ಹಾಗಾಗಿ ಮಿಶ್ರಣ ಕೆಡುವುದಿಲ್ಲ. ಹೊರಗೆ ಬಿಟ್ಟ ವೆಂಟ್‌ನಲ್ಲಿ ಹಾಗಲ್ಲ, ಫಿಲ್ಟರ್ ಕಟ್ಟಿಕೊಂಡಂತೆ ಗಾಡಿ ರಿಚ್ (ಪೆಟ್ರೋಲ್ ಜಾಸ್ತಿ) ಆಗುತ್ತಾ ಹೋಗುತ್ತದೆ. ಕಂಪನಿಯವರು ಬಾಕ್ಸ್‌ನೊಳಗೆ ವೆಂಟ್ ಬಿಡುವುದರ ಗುಟ್ಟು ಇದೇ.

ಆದರೂ ಒಂದೇ ಸಿಲಿಂಡರಿನ ಗಾಡಿಗೆ ಸಣ್ಣ ಪಾಡ್ ಜೊತೆ ನಾನು ಇದನ್ನು ಹೇಳುವುದಿಲ್ಲ. ಕಾರಣ ಜಾಗ. ಒಂಟಿ ಸಿಲಿಂಡರ್ ಗಾಳಿಯನ್ನು ಒಂದೇ ಸಮ ಎಳೆಯುವುದಿಲ್ಲ. ಎಳೆದು ಬಿಡುತ್ತದೆ, ಎಳೆದು ಬಿಡುತ್ತದೆ. ದೊಡ್ಡ ಬಾಕ್ಸ್‌ನಲ್ಲಿ ಆ ಹೊಡೆತ ಕರಗಿಹೋಗುತ್ತದೆ. ಮುಷ್ಟಿಯಷ್ಟು ಪಾಡ್‌ನಲ್ಲಿ ಕರಗುವುದಿಲ್ಲ, ನೇರ ಬೌಲ್‌ಗೆ ಬಡಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಕಾರ್ಬುರೇಟರ್ ಬಾಯಿಂದ ಪೆಟ್ರೋಲ್ ಹನಿಗಳು ಹಿಂದಕ್ಕೂ ಚಿಮ್ಮುತ್ತವೆ. ಇನ್ನು ಪಾಡ್‌ನ ರಬ್ಬರ್ ಕುತ್ತಿಗೆಗೆ ತೂತು ಕೊರೆದು ನಿಪ್ಪಲ್ ಕೂರಿಸುವುದು ನಾಜೂಕಿನ ಕೆಲಸ. ಅಲ್ಲಿ ಸಂದು ಉಳಿದರೆ ಸೋಸದ ಧೂಳು ನೇರ ಸಿಲಿಂಡರಿಗೆ. ಫಿಲ್ಟರ್ ದೊಡ್ಡದಿದ್ದು, ಹಿಂಬದಿಯಲ್ಲಿ ಲೋಹದ ತಟ್ಟೆ ಇದ್ದು, ಅದರಲ್ಲೇ ವೆಂಟ್‌ಗೆ ನಿಪ್ಪಲ್ ಕೊಟ್ಟಿದ್ದರೆ ಖಂಡಿತ ಬಳಸಿ. ಅಂಥದ್ದು ಇಲ್ಲದಿದ್ದರೆ ಬಿಡಿ.

ಮುಚ್ಚಿಬಿಡುವುದು ಆಯ್ಕೆಯೇ ಅಲ್ಲ

ಕೆಲವರು ವೆಂಟ್ ನಿಪ್ಪಲ್‌ಗೆ ರಬ್ಬರ್ ಟೋಪಿ ಹಾಕುತ್ತಾರೆ. ‘ಪೆಟ್ರೋಲ್ ವಾಸನೆ ಬರ್ತಿತ್ತು’ ಅನ್ನುತ್ತಾರೆ. ವಾಸನೆ ಬಂದರೆ ಫ್ಲೋಟ್ ಪಿನ್ ನೋಡಬೇಕು, ವೆಂಟ್ ಮುಚ್ಚಬಾರದು. ವೆಂಟ್ ಪೂರ್ತಿ ಮುಚ್ಚಿದ ಗಾಡಿ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ದೂರ ಓಡುತ್ತದೆ, ಆಮೇಲೆ ಪೆಟ್ರೋಲ್ ಖಾಲಿಯಾದ ಹಾಗೆ ನಿಲ್ಲುತ್ತದೆ. ಒಂದೆರಡು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿಕೊಂಡರೂ ಇದೇ ಥರ ಆಗುತ್ತದೆ. ನಿಂತ ಕೂಡಲೇ ಮುಚ್ಚಳ ತೆಗೆದು ನೋಡಿ. ಸರಿಹೋದರೆ ತಪ್ಪು ಮುಚ್ಚಳದ್ದು. ಹೋಗದಿದ್ದರೆ ವೆಂಟ್ ಪೈಪ್ ಕಿತ್ತು ನೋಡಿ.

ಎರಡು ಸ್ಟ್ರೋಕಿನ ಗಾಡಿಯವರಿಗೆ ಇದು ಇನ್ನೂ ಗಂಭೀರ. ಯಮಹಾ ಆರ್‌ಎಕ್ಸ್100 ಇವತ್ತಿಗೂ ನಮ್ಮಲ್ಲಿ ಎಷ್ಟು ಜನರ ಜೀವ. 1996ರಲ್ಲಿ ನಿಂತುಹೋದ ಆ ಗಾಡಿಗೆ ಜನ ಮೊದಲು ಮಾಡುವ ಕೆಲಸವೇ ಪಾಡ್ ಹಾಕುವುದು. ಅದರಲ್ಲಿ ಪೆಟ್ರೋಲ್ ಕಡಿಮೆಯಾದರೆ ಬರೀ ಸೊರಗುವುದಿಲ್ಲ. ಬಿಸಿ ಏರಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಪೂರ್ತಿ ಥ್ರಾಟಲ್ ಹಿಡಿದಾಗ ಅದು ಆದರೆ ಹಿಂದಿನ ಚಕ್ರವೇ ಲಾಕ್ ಆಗುತ್ತದೆ. ದಯವಿಟ್ಟು ಆರ್‌ಎಕ್ಸ್‌ನಲ್ಲಿ ವೆಂಟ್ ಸರಿ ಮಾಡದೇ ಹೆದ್ದಾರಿಗೆ ಇಳಿಯಬೇಡಿ.

ಸಿವಿ ಕಾರ್ಬುರೇಟರ್ ಇದ್ದರೆ

ಹಳೇ ಬುಲೆಟ್‌ನ ಮಿಕ್‌ಕಾರ್ಬ್ ಕಾರ್ಬುರೇಟರ್‌ನಲ್ಲಿ ಸ್ಲೈಡನ್ನು (ಕೊರಳಿನ ದಾರಿ ತೆರೆದು ಮುಚ್ಚುವ ಭಾಗ) ಥ್ರಾಟಲ್ ಕೇಬಲ್ಲೇ ಎತ್ತುತ್ತದೆ. ಆಮೇಲಿನ ಎಷ್ಟೋ ಗಾಡಿಗಳಲ್ಲಿ ಇರುವುದು ಸಿವಿ. ಅದರಲ್ಲಿ ಸ್ಲೈಡ್ ಮೇಲೇರುವುದು ಡಯಾಫ್ರಮ್ ಎಂಬ ತೆಳು ರಬ್ಬರ್ ಪೊರೆಯ ಮೇಲೂ ಕೆಳಗೂ ಇರುವ ಒತ್ತಡದ ವ್ಯತ್ಯಾಸದಿಂದ. ಡಯಾಫ್ರಮ್‌ನ ಕೆಳಭಾಗಕ್ಕೆ ಗಾಳಿ ಬರುವ ಕಿಂಡಿ ಎಷ್ಟೋ ಸಿವಿಗಳಲ್ಲಿ ಕಾರ್ಬುರೇಟರ್ ಬಾಯಿಯ ಅಂಚಿನಲ್ಲೇ ಇರುತ್ತದೆ. ಅದರ ಪಕ್ಕದಲ್ಲೇ ಪೈಲಟ್ ಮತ್ತು ಮೈನ್ ಸರ್ಕೀಟಿನ ಗಾಳಿತೂತುಗಳು.

ಪಾಡ್‌ನ ರಬ್ಬರ್ ಅಂಚು ಒಳಕ್ಕೆ ಚಾಚಿಕೊಂಡು ಈ ತೂತುಗಳನ್ನು ಮುಚ್ಚಿದರೆ ಏನೇ ಜೆಟ್ ಹಾಕಿದರೂ ಗಾಡಿ ಸರಿಹೋಗುವುದಿಲ್ಲ. ಸ್ಲೈಡ್ ಅರ್ಧದವರೆಗೆ ಏರಿ ನಿಲ್ಲುತ್ತದೆ. ಪಾಡ್ ಕೊಳ್ಳುವಾಗ ಅಂಗಡಿಯಲ್ಲೇ ಕುತ್ತಿಗೆಯ ಒಳಗೆ ಬೆರಳು ಆಡಿಸಿ ನೋಡಿ. ಒಳಗೆ ಏಣು ಇಲ್ಲದ, ನೇರ ಕುತ್ತಿಗೆಯದ್ದು ಆರಿಸಿ. 1990ರ ದಶಕದ ಹಾರ್ಲಿ ಡೇವಿಡ್‌ಸನ್‌ಗಳಲ್ಲೂ ಇದೇ ಸಮಸ್ಯೆ. ಅಲ್ಲಿ ಬೇರೆ ಕಂಪನಿಯ ಏರ್ ಕ್ಲೀನರ್‌ನ ಹಿಂಬದಿ ತಟ್ಟೆ ಅಥವಾ ಗ್ಯಾಸ್ಕೆಟ್ ಕಿಂಡಿಗೆ ಅಡ್ಡ ಬರುತ್ತದೆ.

ಎಂಜಿನ್ ಬ್ರೀದರ್ ಮತ್ತು ಕ್ಯಾನಿಸ್ಟರ್

ನಾಲ್ಕು ಸ್ಟ್ರೋಕಿನ ಗಾಡಿಯಲ್ಲಿ ಬಾಕ್ಸ್ ತೆಗೆದಾಗ ಎಂಜಿನ್ ಬ್ರೀದರ್ ಪೈಪೂ ಅನಾಥವಾಗುತ್ತದೆ. ಬುಲೆಟ್‌ನ ಪಿಸ್ಟನ್ ಪ್ರತಿ ಸಲ ಇಳಿದಾಗ 346 ಸಿ.ಸಿ.ಯಷ್ಟು ಗಾಳಿಯನ್ನು ಕ್ರ್ಯಾಂಕ್‌ಕೇಸಿನಲ್ಲಿ (ಪಿಸ್ಟನ್ ಕೆಳಗಿನ ಎಂಜಿನ್ ಗೂಡು) ಅಲುಗಾಡಿಸುತ್ತದೆ. ಅದಕ್ಕೆ ದಾರಿ ಬೇಕು. ಮುಚ್ಚಿದರೆ ಸೀಲ್‌ಗಳಿಂದ ಆಯಿಲ್ ಒಸರುತ್ತದೆ. ಆಯಿಲ್ ಹಿಡಿಯುವ ಸಣ್ಣ ಡಬ್ಬಿಗೆ ಅದನ್ನು ಸೇರಿಸಿ, ಡಬ್ಬಿಗೆ ಫಿಲ್ಟರ್ ಹಾಕಿ. ಕಾರ್ಬುರೇಟರ್ ವೆಂಟ್ ಜೊತೆ ಮಾತ್ರ ಎಂದೂ ಸೇರಿಸಬೇಡಿ. ಆರ್‌ಎಕ್ಸ್‌ನವರಿಗೆ ಈ ತಲೆನೋವಿಲ್ಲ. ಎರಡು ಸ್ಟ್ರೋಕಿನಲ್ಲಿ ಮಿಶ್ರಣವೇ ಕ್ರ್ಯಾಂಕ್‌ಕೇಸ್ ಮೂಲಕ ಹೋಗುತ್ತದೆ.

2017ರ ಏಪ್ರಿಲ್ ನಂತರದ ಬಿಎಸ್4 (ಹೊಗೆ ನಿಯಮದ ಒಂದು ಹಂತ) ಗಾಡಿಯಾದರೆ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಕ್ಯಾನಿಸ್ಟರ್ ಒಂದು ಇರುತ್ತದೆ. ಅದರ ಪೈಪ್‌ಗಳನ್ನು ವೆಂಟ್ ಅಂದುಕೊಂಡು ಕೀಳಬೇಡಿ. ಎಂಜಿನ್ ಎಳೆಯುವ ಕಡೆಯ ಪೈಪ್ ಕಿತ್ತು ತೆರೆದು ಬಿಟ್ಟರೆ ಅಲ್ಲಿಂದ ಗಾಳಿ ನುಗ್ಗಿ ಗಾಡಿ ಲೀನ್ (ಪೆಟ್ರೋಲ್ ಕಡಿಮೆ) ಆಗುತ್ತದೆ.

ಜೆಟ್ ಮುಟ್ಟುವ ಮೊದಲು ಒಂದು ಪರೀಕ್ಷೆ

ತೊಂದರೆ ವೆಂಟ್‌ನದ್ದೋ ಜೆಟ್‌ನದ್ದೋ ಅಂತ ಗೊತ್ತಾಗುವುದು ಸುಲಭ. ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಏಳೆಂಟು ತೂತು ಹಾಕಿ. ಒಳಗೆ ಸಡಿಲವಾಗಿ ಸ್ಪಂಜು ತುಂಬಿ. ವೆಂಟ್ ಪೈಪಿನ ತುದಿಯನ್ನು ಅದರೊಳಗೆ ಬಿಟ್ಟು, ಡಬ್ಬಿಯನ್ನು ಟ್ಯಾಂಕಿನ ಅಡಿಯಲ್ಲಿ, ಬಿಸಿ ತಾಗದ ಹಾಗೆ ಕಟ್ಟಿ. ಓವರ್‌ಫ್ಲೋ ಪೈಪನ್ನು ಮುಟ್ಟಬೇಡಿ. ಈಗ ಗಾಳಿ ಇರುವ ರಸ್ತೆಯಲ್ಲಿ ಹೋಗಿ ಬನ್ನಿ, ಎರಡೂ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ. ಸೊರಗುವುದು ನಿಂತರೆ ತಪ್ಪು ವೆಂಟ್‌ನದ್ದು. ಗಾಳಿ ಯಾವ ಕಡೆಯಿಂದ ಬಂದರೂ ಒಂದೇ ಥರ ಸೊರಗುತ್ತಿದ್ದರೆ ಆಗ ಜೆಟ್ ಬದಲಿಸುವ ಮಾತು.

ನಾನು ಡಬ್ಬಿ ಕಟ್ಟಿಕೊಂಡು ಅದೇ ಚಿತ್ರದುರ್ಗದ ರಸ್ತೆಗೆ ಹೋದೆ. ಗಾಳಿ ಅಷ್ಟೇ ಜೋರಾಗಿತ್ತು, ಗಾಡಿ ಒಂದೇ ಸಮ ಓಡಿತು. ವಾಪಸ್ ಬಂದು ಟಿ ಹಾಕಿದೆ, ದೊಡ್ಡ ಜೆಟ್ ತೆಗೆದು ಹಳೇದನ್ನೇ ಹಾಕಿದೆ. ಹಳೇ ಜೆಟ್ ಸ್ವಲ್ಪ ಲೀನ್ ಆಗಿದ್ದು ಆಗ ಸರಿಯಾಗಿ ಕಂಡಿತು. ಪಾಡ್ ಹಾಕಿದ ಮೇಲೆ ಅದು ಸಹಜ. ಸ್ಲೈಡಿನ ಸೂಜಿಯ (ನೀಡಲ್) ಕ್ಲಿಪ್ ಒಂದು ಗೆರೆ ಕೆಳಗಿಳಿಸಿ ಪೆಟ್ರೋಲ್ ಸ್ವಲ್ಪ ಹೆಚ್ಚಿಸಿದ ಮೇಲೆ ಪ್ಲಗ್ ಕಂದು ಬಣ್ಣಕ್ಕೆ ಬಂತು. ಈಗ ಪ್ರತಿ ಸಲ ಆಯಿಲ್ ಬದಲಿಸುವಾಗ ಆ ಎರಡು ಪೈಪ್‌ಗಳ ತುದಿ ನೋಡುತ್ತೇನೆ. ಒಮ್ಮೆ ಕೆಳಗಿನ ಕವಲಿನ ಬಾಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು.